ಒಡವೆ ಮಾಡಿದವರ ಹೆಸರೇನು?

(ಹಾಸನದಲ್ಲಿ ಚಿತ್ರ, ಶಿಲ್ಪ ಮತ್ತು ಆಭರಣಗಳ ಸಮೂಹ ಪ್ರದರ್ಶನವೊಂದರ ನಡುವೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಹಾಲಿನಲ್ಲಿ ಗೋಡೆ ಮೇಲೆ ಚಿತ್ರಗಳಿವೆ. ನಡುವೆ ಪೀಠಗಳ ಮೇಲೆ ಶಿಲ್ಪಗಳಿವೆ. ಆ ಕಡೆ ಗಾಜಿನ ಪೆಟ್ಟಿಗೆಗಳಲ್ಲಿ ಒಡವೆಗಳಿವೆ. ಬಂದವರಲ್ಲಿ ಜಾಸ್ತಿ ಜನ ಸೀದಾ ಗಾಜಿನ ಪೆಟ್ಟಿಗೆ ಹತ್ತಿರ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಹೋದೆ. ಆದರೆ ಅಲ್ಲಿ ನಿಂತು ಕೇಳುವ ಪ್ರಶ್ನೆ ಗಮನಿಸಿ. ಚಿತ್ರದ ಮುಂದೆ "ಇದು ಯಾರು ಬರೆದಿದ್ದು?" ಅಂತಾರೆ. ಶಿಲ್ಪದ ಮುಂದೆ "ಯಾರು ಕೆತ್ತಿದ್ದು?" ಅಂತಾರೆ. ಒಡವೆ ಮುಂದೆ "ಎಷ್ಟು ಗ್ರಾಂ?"

ಯಾರು ಅನ್ನುವ ಪ್ರಶ್ನೆ ಒಡವೆ ಹತ್ತಿರ ಬಂದಾಗ ಯಾಕೆ ಬಿದ್ದುಹೋಗುತ್ತದೆ? ಇವತ್ತು ಅದೊಂದನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಹಾಸನದಲ್ಲಿ ನಿಂತು ಇದನ್ನು ಕೇಳುವುದಕ್ಕೆ ಒಂದು ಕಾರಣವೂ ಇದೆ. ಕಲ್ಲು ಕೆತ್ತಿದವನು ತನ್ನ ಹೆಸರನ್ನು ತಾನೇ ಬರೆದಿಟ್ಟು ಹೋದ ಸೀಮೆ ಇದು.

ಬೇಲೂರು ಇಲ್ಲಿಂದ ಸುಮಾರು 40 ಕಿಲೋಮೀಟರ್. ನೀವೆಲ್ಲ ಎಷ್ಟೋ ಸಲ ಹೋಗಿರುತ್ತೀರಿ. ಮನೆಗೆ ನೆಂಟರು ಬಂದಾಗಲೆಲ್ಲ ಬೇಲೂರು, ಹಳೇಬೀಡು ತೋರಿಸುವುದು ನಮ್ಮ ಕರ್ಮ, ಅಲ್ವಾ? ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಗೈಡ್ ಕಥೆ ಹೇಳುತ್ತಿರಲಿ, ನೀವು ಒಡವೆ ಮಾತ್ರ ನೋಡಿ. ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದದ್ದು. ಅದರ ಸೂರಿನ ಕೆಳಗೆ ಸ್ವಲ್ಪ ಮುಂದಕ್ಕೆ ವಾಲಿ ನಿಂತ ಮದನಿಕೆಯರಿದ್ದಾರೆ. ಕಿವಿಯಲ್ಲಿ ಅಗಲದ ಓಲೆ, ಕೊರಳಲ್ಲಿ ಒಂದರ ಕೆಳಗೊಂದು ಹಾರ, ತೋಳಲ್ಲಿ ವಂಕಿ, ಸೊಂಟದ ಡಾಬಿನಿಂದ ತೊಡೆ ಮೇಲೆ ಇಳಿಬಿದ್ದ ಮಣಿಸರ, ಕಾಲಲ್ಲಿ ಕಡಗ. ಬಟ್ಟೆಗಿಂತ ಒಡವೆಯೇ ಜಾಸ್ತಿ.

ಈ ಒಡವೆಗಳನ್ನು ಕೆತ್ತಿದ ರೀತಿ ನೋಡಿ. ಎಷ್ಟೋ ಕಡೆ ಹಾರವನ್ನು ಮೈಮೇಲೆ ಗೆರೆ ಎಳೆದು ತೋರಿಸಿಲ್ಲ. ಸರ ಬೇರೆ, ಮೈ ಬೇರೆ. ಮಣಿಯ ಹಿಂದೆ ಉಳಿ ಹೋಗಿದೆ. ಸರದ ಕೆಳಗೆ ಟೊಳ್ಳು ಬಿಟ್ಟಿದ್ದಾರೆ. ಹಾಗಾಗಿ ಬಿಸಿಲು ಬಿದ್ದಾಗ ಸರದ ನೆರಳು ಎದೆ ಮೇಲೆ ಬೀಳುತ್ತದೆ. ನಿಜವಾದ ಸರ ಹಾಕಿಕೊಂಡಾಗ ಬೀಳುವಂಥದ್ದೇ ನೆರಳು. ನವರಂಗದ, ಅಂದರೆ ಗುಡಿಯ ಒಳಮಂಟಪದ, ಒಳಗಿರುವ ಮದನಿಕೆಯೊಬ್ಬಳ ಕೈಯ ಬಳೆ ಅಲುಗಾಡುತ್ತದೆ ಅಂತಲೂ ಹೇಳುತ್ತಾರೆ. ಒಂದೇ ಕಲ್ಲಿನಲ್ಲಿ ಕೈ ಬೇರೆ, ಬಳೆ ಬೇರೆ.

ಇದಕ್ಕೆ ಕಲ್ಲಿನ ಗುಣವೂ ಕಾರಣ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಕರಿಕಲ್ಲಿನಲ್ಲಿ, ಗ್ರಾನೈಟಿನಲ್ಲಿ ಇಂಥ ಮಣಿಸರ ಬಿಡಿಸುವುದು ಬಹಳ ಕಷ್ಟ. ಆದರೆ ಕಲ್ಲು ಮೆತ್ತಗಿದ್ದ ಮಾತ್ರಕ್ಕೆ ಮಣಿಸರ ತಾನಾಗಿ ಬರುವುದಿಲ್ಲ. ಮಣಿ ಪೋಣಿಸುವುದು ಹೇಗೆ, ಕೊಂಡಿ ಎಲ್ಲಿ ಬರುತ್ತದೆ, ಭಾರದ ಪದಕ ಇದ್ದರೆ ಸರ ಎಲ್ಲಿ ಬಾಗುತ್ತದೆ, ಇದೆಲ್ಲ ಗೊತ್ತಿರುವ ಕೈಗೆ ಮಾತ್ರ ಅದು ಸಾಧ್ಯ. ಆ ತಿಳಿವಳಿಕೆ ಅಕ್ಕಸಾಲಿಯದು.

ಶಿಲ್ಪಿ, ಅಕ್ಕಸಾಲಿ ಇಬ್ಬರೂ ದೂರದವರೇನಲ್ಲ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ, ಈ ಐದು ಕಸುಬಿನವರನ್ನು ಸೇರಿಸಿ ಪಂಚಾಳರು ಅನ್ನುತ್ತಿದ್ದರು. ವಿಶ್ವಕರ್ಮರ ಮನೆಗಳಲ್ಲಿ ಈಗಲೂ ಆ ಲೆಕ್ಕ ಹೇಳುತ್ತಾರೆ. ಕಲ್ಲಿನವನೂ ಚಿನ್ನದವನೂ ದಾಯಾದಿಗಳು. ಒಬ್ಬನ ಕೈಚಳಕ ಇನ್ನೊಬ್ಬನಿಗೆ ಗೊತ್ತಾಗದೆ ಇರುತ್ತದೆಯೇ?

ಆದರೂ ನಮಗೆ ಹೆಸರು ಉಳಿದಿರುವುದು ಕಲ್ಲಿನವನದು ಮಾತ್ರ. ಬೇಲೂರಿನ ಕೆಲವು ಮದನಿಕೆಯರ ಪಾದದ ಹತ್ತಿರ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಅವರು ಬಳ್ಳಿಗಾವೆಯವರು, ಅಂದರೆ ಈಗಿನ ಶಿವಮೊಗ್ಗ ಜಿಲ್ಲೆಯವರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ ಹೋಗಿ. ತರೀಕೆರೆ ಹತ್ತಿರ ಅಮೃತಾಪುರದ ಅಮೃತೇಶ್ವರ ದೇವಸ್ಥಾನ, 1196ರದು. ಅಲ್ಲಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಆಮೇಲೆ 13ನೇ ಶತಮಾನದ ಸೋಮನಾಥಪುರದಲ್ಲಿ ಎಷ್ಟೋ ವಿಗ್ರಹಗಳ ಕೆಳಗೆ ಅದೇ ಹೆಸರು. ಅಂದರೆ ಒಂದು ಜೀವಮಾನದ ಕೆಲಸವನ್ನು ನಾವು ಗುರುತು ಹಿಡಿಯಬಹುದು. ಕೈ ಹೇಗೆ ಪಳಗಿತು ಅಂತ ನೋಡಬಹುದು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಾವೆಲ್ಲ ರಾಜರ ಹೆಸರು ಹೇಳಿ ಸಂಭ್ರಮಪಟ್ಟೆವು. ನನಗೆ ಕೇಳಿದರೆ ಮಲ್ಲಿತಮ್ಮನ ಹೆಸರಲ್ಲಿ ಹಾಸನದಲ್ಲೊಂದು ರಸ್ತೆ ಇರಬೇಕಿತ್ತು. ಇರಲಿ.

ಎಲ್ಲ ಕಾಲದಲ್ಲೂ ಹೀಗೆ ಹೆಸರು ಹಾಕುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯ ಮಾಡಿಸಿದ ಅಂತ ಬರೆದಿದೆ. ಮಾಡಿಸಿದವನ ಹೆಸರಿದೆ, ಮಾಡಿದವನದು ಅಲ್ಲಿಲ್ಲ. ಅದು 981ರ ಕೆಲಸ. ಅಲ್ಲಿಂದ ಬೇಲೂರಿಗೆ ಬರುವಷ್ಟರಲ್ಲಿ ನೂರಾಮೂವತ್ತು ಚಿಲ್ಲರೆ ವರ್ಷ ಕಳೆದಿತ್ತು. ಅಷ್ಟರಲ್ಲಿ ಶಿಲ್ಪಿ ಧೈರ್ಯವಾಗಿ ತನ್ನ ಹೆಸರು, ಊರು, ಅಪ್ಪನ ಹೆಸರು, ಬಿರುದು ಎಲ್ಲ ಕೆತ್ತುವಂತಾಗಿದ್ದ.

ಗೊಮ್ಮಟನ ಮಾತು ಬಂತಲ್ಲ, ಒಂದು ಸಣ್ಣ ವಿಷಯ. 57 ಅಡಿ ಎತ್ತರದ ಆ ಮೂರ್ತಿಯ ಮೈಮೇಲೆ ಒಂದು ಗುಲಗಂಜಿ ಒಡವೆ ಇಲ್ಲ. ಎಲ್ಲ ಬಿಟ್ಟು ನಿಂತವನಿಗೆ ಒಡವೆ ಹೇಗೆ ಹಾಕುವುದು? ಆದರೆ ಕಾಲ ಬುಡದಿಂದ ಬಳ್ಳಿಯೊಂದು ಹತ್ತಿ, ತೊಡೆ ಸುತ್ತಿ, ತೋಳಿನ ಮೇಲ್ಭಾಗಕ್ಕೆ ಬಂದು ಸುತ್ತಿಕೊಂಡಿದೆ. ಸರಿಯಾಗಿ ವಂಕಿ ಬರುವ ಜಾಗ ಅದು. ಎಷ್ಟು ಕಾಲ ಅಲುಗಾಡದೆ ನಿಂತಿದ್ದ ಅಂತ ಹೇಳುವುದಕ್ಕೆ ಆ ಬಳ್ಳಿ ಬೇಕಿತ್ತು, ಅದು ಸರಿ. ಆದರೆ ಅಷ್ಟು ದೊಡ್ಡ ಬರಿಮೈಯಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವ ಲೆಕ್ಕವೂ ಅದರಲ್ಲಿದೆ. ಒಡವೆ ಮಾಡುವವರು ಹಾಕುವ ಲೆಕ್ಕವೂ ಅದೇ. ಇದು ನನ್ನ ಊಹೆ. ಒಪ್ಪದಿದ್ದವರು ಮೆಟ್ಟಿಲು ಹತ್ತಿ ಹೋಗಿ ನೋಡಿ ಬಂದು ಜಗಳ ಆಡಬಹುದು.

ಇನ್ನು ಚಿತ್ರ. ಅದೇ ಬೆಳಗೊಳದ ಜೈನ ಮಠದ ಗೋಡೆಗಳ ಮೇಲೆ ಹಳೆಯ ಚಿತ್ರಗಳಿವೆ. ತೀರ್ಥಂಕರರ ಕಥೆಗಳ ನಡುವೆ ಮೈಸೂರಿನ ದಸರಾ ದರ್ಬಾರಿನ ಚಿತ್ರವೂ ಇದೆ. ಬೆಟ್ಟ ಹತ್ತಿ ಇಳಿದವರು ಸುಸ್ತಾಗಿ ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಮಠದ ಕಡೆ ಹೋಗುವವರು ಕಡಿಮೆ. ಹೋಗಿ.

ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆಯ ಕೆಲಸ ಹೇಗೆ ಅಂತ ಈ ಗೋಡೆಯ ಮೇಲೇ ಒಂದು ಮಾದರಿ ಇದೆ, ಹತ್ತಿರ ಹೋಗಿ ಓರೆಯಾಗಿ ನಿಂತು ನೋಡಿ. ದೇವಿಯ ಕಿರೀಟ, ಸರ, ಸಿಂಹಾಸನದ ಅಂಚು ಸ್ವಲ್ಪ ಉಬ್ಬಿರುತ್ತದೆ. ಬಿಳಿ ಸಫೇದ ಪುಡಿ, ರೇವಲ್ಚಿನ್ನಿ ಅನ್ನುವ ಹಳದಿ ರಾಳ, ಅಂಟು ಕಲಸಿ, ಸಣ್ಣ ಕುಂಚದಲ್ಲಿ ಪದರದ ಮೇಲೆ ಪದರ ಹಚ್ಚಿ ಉಬ್ಬು ತರುತ್ತಾರೆ. ಅದರ ಮೇಲೆ ಚಿನ್ನದ ರೇಕು ಅಂಟಿಸಿ, ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಗಾಜಿನ ಹರಳನ್ನೂ ಕೂರಿಸುತ್ತಾರೆ. ಮೈಸೂರಿನದು ತೆಳುವು. ಕೈ ಆಡಿಸಿದರೆ ತಿಳಿಯಬೇಕು, ಕಣ್ಣಿಗೆ ಹೊಡೆಯಬಾರದು. ದಯವಿಟ್ಟು ಇಲ್ಲಿ ಕೈ ಆಡಿಸಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಶೈಲಿ ಇದು. ಚಿನ್ನ ತಟ್ಟಿ ರೇಕು ಮಾಡಿಕೊಡುವವರಿಲ್ಲದೆ ಈ ಚಿತ್ರ ಮುಗಿಯುವುದೇ ಇಲ್ಲ. ಒಂದು ಗ್ರಾಂ ಚಿನ್ನವನ್ನು ತಟ್ಟಿದರೆ ಸುಮಾರು ಒಂದು ಚದರ ಮೀಟರ್ ಹರಡುತ್ತದೆ, ಅಷ್ಟು ತೆಳು.

ಹಾಗಾದರೆ ಲೆಕ್ಕ ಏನಾಯಿತು? ಶಿಲ್ಪಿ ಕಲ್ಲಿನಲ್ಲಿ ಒಡವೆ ಮಾಡಿದ. ಚಿತ್ರಕಾರ ಹಲಗೆ ಮೇಲೆ ಒಡವೆ ಮಾಡಿದ. ಇಬ್ಬರನ್ನೂ ಕಲಾವಿದರು ಅಂದೆವು. ನಿಜವಾದ ಒಡವೆ ಮಾಡಿದವನನ್ನು ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದೆವು. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಗುಡಿ ಬಾಗಿಲು ತೆಗೆಯುವ ಮೊದಲು ದೇವಿಯ ಒಡವೆಗಳು ಖಜಾನೆಯಿಂದ ಮೆರವಣಿಗೆಯಲ್ಲಿ ಬರುತ್ತವೆ. ಊರೆಲ್ಲ ನಿಂತು ಕೈ ಮುಗಿಯುತ್ತದೆ. ಯಾರು ಮಾಡಿದ್ದು ಅಂತ ಆ ಗುಂಪಿನಲ್ಲಿ ಯಾರಾದರೂ ಕೇಳಿದ್ದು ನಾನು ಕೇಳಿಲ್ಲ.

ಹೊರಗಿನ ದೇಶಗಳಲ್ಲೂ ಕಲೆಗೂ ಒಡವೆಗೂ ನಡುವಿನ ಈ ಗೋಡೆ ಸುಲಭವಾಗಿ ಬೀಳಲಿಲ್ಲ. ಅಲೆಕ್ಸಾಂಡರ್ ಕಾಲ್ಡರ್ ಗೊತ್ತಲ್ಲ, ಗಾಳಿಗೆ ತಿರುಗುವ ತೂಗು ಶಿಲ್ಪಗಳನ್ನು ಮಾಡಿದವರು. ಅವರು ಸುಮಾರು 1,800 ಒಡವೆ ಮಾಡಿದ್ದರು. ಹಿತ್ತಾಳೆ ತಂತಿ, ಬೆಳ್ಳಿ ತಂತಿ ತಟ್ಟಿ, ಬಗ್ಗಿಸಿ, ಸುರುಳಿ ಸುತ್ತಿ. ಬೆಸುಗೆಯ ಗೋಜಿಗೆ ಹೋಗಿದ್ದು ಕಡಿಮೆ. ಹೆಂಡತಿಗೆ, ಗೆಳೆಯರಿಗೆ ಕೊಡುತ್ತಿದ್ದರು. ಕಲಾಕೃತಿ ಸಂಗ್ರಹಿಸುತ್ತಿದ್ದ ಪೆಗ್ಗಿ ಗುಗೆನ್‌ಹೈಮ್ 1942ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಗ್ಯಾಲರಿ ತೆರೆದ ದಿನ ಒಂದು ಕಿವಿಗೆ ಕಾಲ್ಡರ್ ಮಾಡಿದ ಓಲೆ, ಇನ್ನೊಂದು ಕಿವಿಗೆ ಚಿತ್ರಕಾರ ಈವ್ ತಾಂಗಿ ಮಾಡಿದ ಓಲೆ ಹಾಕಿಕೊಂಡು ಬಂದಳು. ಕಾಲ್ಡರ್ ಅವರಂಥ ಅಮೂರ್ತ ಕಲೆಯವರು ಒಂದು ಗುಂಪು, ತಾಂಗಿಯಂಥ, ಕನಸಿನ ಲೋಕ ಬರೆಯುವ ಸರ್ರಿಯಲಿಸ್ಟರು ಇನ್ನೊಂದು ಗುಂಪು. ತಾನು ಯಾವ ಕಡೆಯೂ ಅಲ್ಲ ಅಂತ ತೋರಿಸುವುದಕ್ಕೆ. ನಮ್ಮಲ್ಲಿ ಹಾಗೆ ಜೋಡಿ ತಪ್ಪಿದ ಓಲೆ ಹಾಕಿಕೊಂಡು ಮದುವೆಗೆ ಹೋದರೆ ಅತ್ತೆ ವಾಪಸ್ಸು ಮನೆಗೆ ಕಳಿಸುತ್ತಾರೆ.

1946ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಕೈಯಲ್ಲಿ ಮಾಡಿದ ಹೊಸ ಒಡವೆಗಳದೇ ಒಂದು ಪ್ರದರ್ಶನ ಮಾಡಿತು. ನೇಯ್ಗೆಯ ಕಲಾವಿದೆ ಆನಿ ಆಲ್ಬರ್ಸ್ ಆ ಹೊತ್ತಿಗಾಗಲೇ ಗೆಳೆಯನ ಜೊತೆ ಸೇರಿ ಹಾರ್ಡ್‌ವೇರ್ ಅಂಗಡಿ ಸಾಮಾನಿನಲ್ಲಿ ಹಾರ ಮಾಡಿದ್ದರು. ಸಿಂಕಿಗೆ ಹಾಕುವ ಜಾಲರಿ, ಅದಕ್ಕೆ ಪೇಪರ್ ಕ್ಲಿಪ್ಪುಗಳ ಸಾಲು. ಗ್ರಾಂ ಲೆಕ್ಕ ಹಾಕಿದರೆ ಅದಕ್ಕೆ ಬೆಲೆಯೇ ಇಲ್ಲ. ಆದರೂ ಇವತ್ತಿಗೂ ಅದರ ಬಗ್ಗೆ ಬರೆಯುತ್ತಾರೆ.

ನಮ್ಮ ಹತ್ತಿರದ್ದೂ ಹೇಳಬೇಕು. ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮ ಶುರುವಾದದ್ದು 1966ರಲ್ಲಿ, ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ. ಅಲ್ಲಿಯ ಚಿತ್ರಕಾರರು, ಶಿಲ್ಪಿಗಳು ಬಾಟಿಕ್‌ನಂಥ (ಮೇಣ ಹಚ್ಚಿ ಬಟ್ಟೆಗೆ ಬಣ್ಣ ಹಾಕುವ) ಕರಕುಶಲ ಕೆಲಸ ಮಾಡಿ ಮಾರಿ ಹೊಟ್ಟೆ ಹೊರೆದರು, ಜೊತೆಗೆ ತಮ್ಮ ಕಲೆ ಉಳಿಸಿಕೊಂಡರು. ಅದೇ ಗುಂಪಿನ ಪಿ.ವಿ. ಜಾನಕಿರಾಂ ತಾಮ್ರದ ತಗಡು ತಟ್ಟಿ, ಮೇಲೆ ತಂತಿ ಕೂರಿಸಿ ಶಿಲ್ಪ ಮಾಡಿದರು. ಬೆಂಗಳೂರಿನಲ್ಲಿ ಹುಟ್ಟಿದ ಎಸ್. ನಂದಗೋಪಾಲ್ ತಾಮ್ರ, ಹಿತ್ತಾಳೆ ಬೆಸೆದು ಆಳೆತ್ತರದ ಶಿಲ್ಪ ಮಾಡಿದರು. ಅವನ್ನು ನೋಡಿದರೆ ಯಾವುದೋ ದೈತ್ಯೆ ಬಿಚ್ಚಿಟ್ಟ ಪದಕ ಅನ್ನಿಸುತ್ತದೆ. ಪತ್ತಾರರ, ಅಂದರೆ ಅಕ್ಕಸಾಲಿಗಳ, ಕೆಲಸವೇ ದೊಡ್ಡದಾಗಿ ನಿಂತು ಶಿಲ್ಪ ಅನ್ನಿಸಿಕೊಂಡಿತು.

ಈಗ ಅಂಗಡಿಗೆ ಬರೋಣ. ನಮ್ಮಲ್ಲಿ ಒಡವೆಯ ಬೆಲೆ ಹೀಗೆ ಕಟ್ಟುತ್ತಾರೆ: ಚಿನ್ನದ ತೂಕ, ಆ ದಿನದ ರೇಟು, ವೇಸ್ಟೇಜು, ಮಜೂರಿ. ಮಾಡಿದವನ ಬುದ್ಧಿ, ಕಣ್ಣು, ಕೈ, ವರ್ಷಗಟ್ಟಲೆ ಕಲಿತದ್ದು ಎಲ್ಲ ಸೇರಿ ಆ ಮಜೂರಿ ಅನ್ನುವ ಒಂದು ಸಾಲು. ಅದರಲ್ಲೂ ಚೌಕಾಸಿ. ವರ್ಣಚಿತ್ರ ಕೊಳ್ಳುವಾಗ ಬಣ್ಣ ಎಷ್ಟು ಗ್ರಾಂ ಹಿಡಿಯಿತು ಅಂತ ಯಾರಾದರೂ ಕೇಳುತ್ತಾರಾ?

ಅಂಗಡಿಯವರನ್ನು ಬೈಯುತ್ತಿಲ್ಲ. ನಮಗೆ ಒಡವೆ ಅಂದರೆ ಕಷ್ಟಕಾಲದ ದುಡ್ಡು. ಕಾಫಿ ರೇಟು ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ ಬ್ಯಾಂಕಿಗೆ ಹೋಗುವುದು ಅವಲಕ್ಕಿ ಸರವೇ. ಹಾಗಿರುವಾಗ ತೂಕ ಕೇಳದೆ ಇರುವುದು ಹೇಗೆ? ಅದಕ್ಕೇ ನಾವು 22 ಕ್ಯಾರೆಟ್ ಬಿಟ್ಟು ಇಳಿಯುವುದಿಲ್ಲ. ಈ ಪೆಟ್ಟಿಗೆಯ ಎಷ್ಟೋ ಒಡವೆ 18 ಕ್ಯಾರೆಟ್. "916 ಅಲ್ವಾ?" ಅಂತ ಕೇಳಿ ಮುಖ ಸಣ್ಣ ಮಾಡಿಕೊಂಡವರಿದ್ದಾರೆ. ಸಾವಿರಕ್ಕೆ 916 ಪಾಲು ಚಿನ್ನ ಇದ್ದರೆ 22 ಕ್ಯಾರೆಟ್, 750 ಪಾಲು ಇದ್ದರೆ 18. ಉಳಿದದ್ದು ತಾಮ್ರ, ಬೆಳ್ಳಿ. ಚಿನ್ನ ಜಾಸ್ತಿಯಾದಷ್ಟೂ ಮೆತ್ತಗೆ. ಸಣ್ಣ ಹಲ್ಲುಗಳಲ್ಲಿ ಹರಳು ಹಿಡಿದು ಕೂರಿಸಬೇಕಾದರೆ, ಉದ್ದನೆಯ ತೆಳು ಕಂಬಿ ಬಾಗದೆ ನಿಲ್ಲಬೇಕಾದರೆ 18 ಬೇಕು. ಅದು ಮೋಸ ಅಲ್ಲ, ಕೆಲಸದ ಅಗತ್ಯ.

ಹಾಲ್‌ಮಾರ್ಕ್ ಬಂದಿದ್ದು ಒಳ್ಳೆಯದೇ. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಹಾಕಿದ ಒಂದೊಂದು ಚಿನ್ನದ ಒಡವೆಗೂ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ, ಅಂದರೆ ಅದರದೇ ಗುರುತಿನ ಸಂಖ್ಯೆ, ಇರಲೇಬೇಕು. ಫೋನಿನಲ್ಲಿ ಬಿಐಎಸ್ ಕೇರ್ ಆಪ್ ಹಾಕಿಕೊಂಡು ಆ ಸಂಖ್ಯೆ ಒತ್ತಿ ನೋಡಿ. ಯಾವ ವ್ಯಾಪಾರಿಯದು, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯಿತು, ಶುದ್ಧತೆ ಎಷ್ಟು, ಎಲ್ಲ ಬರುತ್ತದೆ. ಮಾರಿದವರು ಗೊತ್ತಾಯಿತು, ಪರೀಕ್ಷಿಸಿದವರು ಗೊತ್ತಾಯಿತು. ಮಾಡಿದವರು? ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಇಂಗ್ಲೆಂಡಿನಲ್ಲಿ 1363ರಲ್ಲೇ ಪ್ರತಿಯೊಬ್ಬ ಅಕ್ಕಸಾಲಿಗೂ ತನ್ನದೇ ಗುರುತು ಇರಬೇಕು ಅಂತ ಕಾನೂನು ಮಾಡಿದ್ದರು. ಕಲಬೆರಕೆ ಮಾಡಿದವನನ್ನು ಹಿಡಿಯುವುದು ಅವರ ಉದ್ದೇಶ, ಕಲೆಯ ಮೇಲಿನ ಪ್ರೀತಿ ಅಲ್ಲ. ಆದರೂ ಅದರಿಂದ ಎಷ್ಟೋ ಜನರ ಹೆಸರು ಉಳಿಯಿತು.

ಹಾಗಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದೆಲ್ಲ ಕಲೆ ಅಂತ ನಾನು ಒಪ್ಪುವುದಿಲ್ಲ. ಈಚೆಗೆ ಸಮೂಹ ಪ್ರದರ್ಶನ ಮಾಡುವವರು ಜನ ಸೇರಲಿ ಅಂತ ಸುಮ್ನೆ ಒಂದು ಒಡವೆ ಕೌಂಟರ್ ಇಡುವುದು ನೋಡಿದ್ದೇನೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಮೇಣದ ಅಚ್ಚು ತೆಗೆದು, ನೂರಾರು ಎರಕ ಹೊಯ್ದ ಪದಕವನ್ನು ತಂದು ಕಪ್ಪು ಬಟ್ಟೆ ಮೇಲೆ ಮಲಗಿಸಿ "ಒಂದೇ ಒಂದು" ಅನ್ನುತ್ತಾರೆ. ಎರಕ ತಪ್ಪಲ್ಲ. ಕಂಚಿನ ಶಿಲ್ಪವೂ ಮೇಣದ ಎರಕವೇ. ಆದರೆ ಶಿಲ್ಪಿ ಒಂದೇ ಅಚ್ಚಿನಿಂದ ಎಂಟು ಪ್ರತಿ ತೆಗೆದರೆ 2/8 ಅಂತ ಬರೆಯುತ್ತಾನೆ. ಇದು ಎಂಟರಲ್ಲಿ ಎರಡನೆಯದು ಅಂತ ಕೊಳ್ಳುವವನಿಗೆ ಗೊತ್ತಾಗುತ್ತದೆ. ಒಡವೆಯೂ ಗ್ಯಾಲರಿಗೆ ಬರುವುದಾದರೆ ಗ್ಯಾಲರಿಯ ಈ ರಿವಾಜು ಪಾಲಿಸಲಿ.

ಮೂರನ್ನೂ ಒಂದೇ ಹಾಲಿನಲ್ಲಿ ಇಡುವುದು ಎಷ್ಟು ಫಜೀತಿ ಅಂತ ಇದನ್ನು ಕಟ್ಟಿದ ಹುಡುಗರನ್ನು ಕೇಳಿ. ಚಿತ್ರ ನೋಡಲು ಹಿಂದೆ ಸರಿಯಬೇಕು. ಶಿಲ್ಪವನ್ನು ಸುತ್ತು ಹಾಕಬೇಕು. ಒಡವೆಗೆ ಒಂದಡಿ ಹತ್ತಿರ ಬಗ್ಗಬೇಕು. ಚಿತ್ರಕ್ಕೆ ಹಿಂದೆ ಸರಿದವರು ಶಿಲ್ಪಕ್ಕೆ ಬೆನ್ನು ತಗುಲಿಸುತ್ತಾರೆ. ಬೆಳಕಿನದು ಇನ್ನೊಂದು ತಲೆನೋವು. ಜಲವರ್ಣಕ್ಕೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದಾಟಬಾರದು ಅನ್ನುತ್ತಾರೆ, ಬಣ್ಣ ಮಾಸುತ್ತದೆ. ಚಿನ್ನಕ್ಕೆ ಹಳದಿ ಬೆಳಕು ಚೆಂದ, ವಜ್ರಕ್ಕೆ ಬಿಳಿ ಬೆಳಕು ಬೇಕು. ಇನ್ನು ನಮ್ಮ ಕಡೆ ಮಳೆಗಾಲದಲ್ಲಿ ಕ್ಯಾನ್ವಾಸಿಗೆ ಬೂಸ್ಟು, ಬೆಳ್ಳಿಗೆ ಕಪ್ಪು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಪೆಟ್ಟಿಗೆಯೊಳಗೆ ಉಣ್ಣೆ ಬಟ್ಟೆ, ರಬ್ಬರ್ ಇಟ್ಟರೆ ಇನ್ನೂ ಬೇಗ. ಸಂಜೆಯಾದರೆ ಚಿತ್ರ, ಶಿಲ್ಪ ಇಲ್ಲೇ ಮಲಗುತ್ತವೆ. ಒಡವೆ ಲಾಕರಿಗೆ ಹೋಗುತ್ತದೆ.

ಇಷ್ಟೆಲ್ಲ ಪಾಡು ಪಟ್ಟು ಇಟ್ಟ ಮೇಲೆ ಪಕ್ಕದ ಚೀಟಿಯನ್ನು ಸರಿಯಾಗಿ ಬರೆಯಬೇಡವೇ? ಇಲ್ಲಿನ ಚೀಟಿಗಳಲ್ಲಿ ವಿನ್ಯಾಸ ಮಾಡಿದವರ ಹೆಸರಿದೆ. ಸಂತೋಷ. ಆದರೆ ತಂತಿ ಎಳೆದವರು, ಬೆಸುಗೆ ಹಾಕಿದವರು, ಹರಳು ಕೂರಿಸಿದವರು ಬೇರೆಯವರಾಗಿದ್ದರೆ ಅವರ ಹೆಸರೂ ಬರಲಿ. ಕಾಗದದ ಮೇಲೆ ಗೆರೆ ಎಳೆಯುವುದು ಅರ್ಧ ಕೆಲಸ. ಮೂಸೆಯ ಮುಂದೆ ಕೂತವನದು ಇನ್ನರ್ಧ. ಶಿಲ್ಪದಲ್ಲೂ ಹೀಗೇ ಇದೆ. ಎರಕ ಹೊಯ್ದವರ ಹೆಸರು ಎಷ್ಟು ಜನ ಹಾಕುತ್ತಾರೆ? ಆದರೆ ಒಡವೆಯಲ್ಲಿ ಈ ಮರೆವು ಜಾಸ್ತಿ ಹಳೆಯದು.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

*

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ತಾವೇ ಚಿನ್ನದ ಕೆಲಸ ಮಾಡಿದವರು, ಕೇಳಿದರು: "ಸ್ವಾಮಿ, ಹೆಸರು ಹಾಕಿದರೆ ಮಜೂರಿ ಜಾಸ್ತಿ ಕೊಡ್ತಾರಾ?"

ಸಭೆ ನಕ್ಕಿತು. ನಾನು ಹೇಳಿದ್ದು: ಮೊದಲ ದಿನವೇ ಕೊಡುವುದಿಲ್ಲ ಆಚಾರ್ರೇ. ಆದರೆ ಹೆಸರಿಲ್ಲದಿದ್ದರೆ ಯಾವತ್ತೂ ಕೊಡುವುದಿಲ್ಲ. ಇವತ್ತು ನಿಮ್ಮ ಒಡವೆ ಇಷ್ಟಪಟ್ಟವರು ನಾಳೆ ನಿಮ್ಮನ್ನು ಹುಡುಕಿಕೊಂಡು ಬರುವ ದಾರಿಯೇ ಇಲ್ಲ, ಅಂಗಡಿಗೇ ಹೋಗಬೇಕು. ಚಿತ್ರಕಾರರಿಗೆ ಗ್ಯಾಲರಿಯವರು ಮೂರನೇ ಒಂದರಿಂದ ಅರ್ಧದವರೆಗೂ ಕಮಿಷನ್ ಹಿಡಿಯುವುದುಂಟು. ಆದರೂ ಚಿತ್ರಕಾರ ಯಾಕೆ ಬರುತ್ತಾನೆ ಅಂದರೆ ಇಲ್ಲಿ ಅವನ ಹೆಸರು ಬೆಳೆಯುತ್ತದೆ. ಅವರು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. "ನೋಡೋಣ" ಅಂದರು.

ಇನ್ನೊಬ್ಬರು, ಕಾಲೇಜಿನ ಹುಡುಗಿ, ಕೇಳಿದ್ದು: "ಸರ್, ದುಡ್ಡು ಕೂಡಿಸಿ ಇಂಥ ಒಂದು ಬೆಳ್ಳಿ ಓಲೆ ತಗೋಬೇಕು ಅಂತಿದೀನಿ. ಏನೇನು ಕೇಳಬೇಕು?"

ಬೆಳ್ಳಿಯ ಶುದ್ಧತೆ ಕೇಳಮ್ಮ, 925 ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲೋಹದ ತೂಕ, ಹರಳಿನ ತೂಕ ಬೇರೆ ಬೇರೆ ಬರೆಸಿಕೋ. ಒಳಗೆ ಅರಗು ತುಂಬಿದ್ದರೆ ಅದನ್ನೂ ಕೇಳು, ಅರಗಿನ ತೂಕಕ್ಕೆ ಬೆಳ್ಳಿ ರೇಟು ಕೊಡಬಾರದು. ಕೈಯಲ್ಲಿ ಮಾಡಿದ್ದೋ ಎರಕವೋ, ಎರಕವಾದರೆ ಎಷ್ಟು ಪ್ರತಿ ಅಂತ ಕೇಳು. ಹರಳು ಬಿದ್ದರೆ ಯಾರು ಕೂರಿಸಿಕೊಡುತ್ತಾರೆ ಅಂತ ಕೇಳು. ಕೊನೆಗೆ ಮಾಡಿದವರ ಹೆಸರು, ಊರು ಬಿಲ್ಲಿನ ಮೇಲೆ ಬರೆದುಕೊಡಿ ಅನ್ನು. ಅದಕ್ಕೆ ಕಾಸು ಕೇಳುವುದಿಲ್ಲ.